ಪಿರಮಿಡ್ ಮೇಸ್ತ್ರಿಯ ಟ್ರಿಪ್ ಶೀಟ್

ಎಲ್ಲರಿಗೂ ನಮಸ್ಕಾರ. ಹಳೆಯ ನಾಗರಿಕತೆಗಳ ಬಗ್ಗೆ ಟೀವಿಯಲ್ಲಿ, ಮೊಬೈಲಿನಲ್ಲಿ ಡಾಕ್ಯುಮೆಂಟರಿಗಳು ಬರುತ್ತವಲ್ಲ, ಅವನ್ನು ಮಕ್ಕಳಿಗೆ ತೋರಿಸಬಹುದಾ, ಅದರಿಂದ ಏನಾದರೂ ಉಪಯೋಗ ಇದೆಯಾ ಎನ್ನುವ ಬಗ್ಗೆ ಮಾತಾಡಿ ಎಂದು ಬಾನುಲಿಯವರು ಕರೆದಿದ್ದಾರೆ. ಖಂಡಿತ ತೋರಿಸಿ. ನಾನೂ ರಾತ್ರಿ ಊಟ ಆದಮೇಲೆ ಅದನ್ನೇ ನೋಡುವುದು, ಮನೆಯವರು ಬೈಯುವವರೆಗೂ. ಆದರೆ ಒಂದು ಪ್ರಶ್ನೆ ಜೊತೆಗಿಟ್ಟುಕೊಂಡು ನೋಡಿ. ಹಿಂದಿನಿಂದ ಕೇಳಿಸುವ ಆ ಗಡಸು ದನಿ ಏನೇ ಹೇಳಲಿ, ತಕ್ಷಣ ಕೇಳಿ: ಇದು ಇವರಿಗೆ ಹೇಗೆ ಗೊತ್ತಾಯಿತು? ಇವತ್ತು ನಾನು ಹೇಳುವುದು ಇದೊಂದೇ. ಮಿಕ್ಕಿದ್ದೆಲ್ಲ ಉದಾಹರಣೆ.

ಈಜಿಪ್ಟಿನ ಗೀಜಾದಲ್ಲಿರುವ ದೊಡ್ಡ ಪಿರಮಿಡ್ಡನ್ನೇ ತೆಗೆದುಕೊಳ್ಳಿ. ಖುಫು ಎಂಬ ರಾಜನದು, ಕಟ್ಟಿ ಸುಮಾರು 4500 ವರ್ಷ ಆಯಿತು. ಆಗ ಅದರ ಎತ್ತರ ಸುಮಾರು 146 ಮೀಟರ್. ಕಲ್ಲುಗಳು ಹತ್ತಿರ ಹತ್ತಿರ 23 ಲಕ್ಷ. ಇಷ್ಟು ಹೇಳುವಷ್ಟರಲ್ಲಿ ಡಾಕ್ಯುಮೆಂಟರಿಯಲ್ಲಿ ಡಮಡಮ ಎಂದು ಸಂಗೀತ ಶುರುವಾಗಿರುತ್ತದೆ. ಒಂದರಲ್ಲಿ ಚಾಟಿ ಏಟು ತಿನ್ನುವ ಗುಲಾಮರು, ಇನ್ನೊಂದರಲ್ಲಿ ಬೇರೆ ಗ್ರಹದಿಂದ ಇಳಿದು ಬಂದವರು, ಮತ್ತೊಂದರಲ್ಲಿ ಒಂದು ಲಕ್ಷ ಜನ ದುಡಿದರು ಎನ್ನುವ ಲೆಕ್ಕ. ಹೇಗೆ ಗೊತ್ತಾಯಿತು? ಲಕ್ಷದ ಲೆಕ್ಕ ಕೊಟ್ಟವನು ಗ್ರೀಕರ ಹೆರೊಡೋಟಸ್. ಅವನು ಈಜಿಪ್ಟಿಗೆ ಹೋಗಿದ್ದು ಪಿರಮಿಡ್ ಎದ್ದು ಎರಡು ಸಾವಿರ ವರ್ಷ ಕಳೆದ ಮೇಲೆ. ಯಾರೋ ಹೇಳಿದರು, ಅವನು ಬರೆದುಕೊಂಡ. ಇನ್ನು ಬೇರೆ ಗ್ರಹದವರ ವಿಷಯದಲ್ಲಿ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಉತ್ತರವೇ ಇಲ್ಲ, ಸಂಗೀತ ಮಾತ್ರ ಇನ್ನೂ ಜೋರಾಗುತ್ತದೆ.

ಈಗ ನನಗೆ ಬಹಳ ಇಷ್ಟವಾದ ಒಂದು ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

2013ರಲ್ಲಿ ಫ್ರಾನ್ಸಿನ ಪಿಯರ್ ಟಾಲೆ ಎನ್ನುವವರ ತಂಡ ಕೆಂಪು ಸಮುದ್ರದ ದಡದಲ್ಲಿ, ವಾದಿ ಅಲ್-ಜರ್ಫ್ ಎನ್ನುವ ಕಡೆ ಅಗೆಯುತ್ತಿತ್ತು. ಸುತ್ತ ಮರಳುಗಾಡು, ನರಪಿಳ್ಳೆ ಇಲ್ಲ. ಅಲ್ಲಿ ಗುಡ್ಡ ಕೊರೆದು ಗುಹೆಯಂಥ ಉದ್ದುದ್ದ ಕೋಣೆಗಳನ್ನು ಮಾಡಿದ್ದಾರೆ, ದೋಣಿಗಳನ್ನು ಬಿಚ್ಚಿ ಒಳಗಿಡುವುದಕ್ಕೆ. ಕೆಲಸ ಮುಗಿದ ಮೇಲೆ ಬಾಗಿಲಿಗೆ ದಪ್ಪ ದಪ್ಪ ಬಂಡೆ ಅಡ್ಡ ಇಟ್ಟು ಹೋಗಿದ್ದಾರೆ. ಆ ಬಂಡೆಗಳ ಸಂದಿಯಲ್ಲಿ ನೂರಾರು ಪಪೈರಸ್ ಚೂರುಗಳು ಸಿಕ್ಕವು. ಪಪೈರಸ್ ಅಂದರೆ ಜೊಂಡಿನಿಂದ ಮಾಡುವ ಹಾಳೆ. ಬರಹ ಇರುವ ಇಷ್ಟು ಹಳೆಯ ಪಪೈರಸ್ ಅದಕ್ಕೆ ಮೊದಲು ಎಲ್ಲೂ ಸಿಕ್ಕಿರಲಿಲ್ಲ. ಅದರಲ್ಲಿ ಏನಿತ್ತು ಗೊತ್ತಾ? ರಾಜನ ಹೊಗಳಿಕೆ ಅಲ್ಲ, ಮಂತ್ರ ಅಲ್ಲ. ಮೆರೆರ್ ಎಂಬ ಒಬ್ಬ ಮೇಸ್ತ್ರಿಯ ದಿನಚರಿ.

ಈ ಮೆರೆರ್ ಸುಮಾರು ನಲವತ್ತು ಜನರ ಗುಂಪನ್ನು ನೋಡಿಕೊಳ್ಳುತ್ತಿದ್ದವನು. ಗೀಜಾ ಇರುವುದು ನೈಲ್ ನದಿಯ ಈಚೆ ದಡದಲ್ಲಿ, ಆಚೆ ದಡದಲ್ಲಿ ತುರಾ. ಅಲ್ಲಿ ಒಳ್ಳೆಯ ಬಿಳಿ ಸುಣ್ಣಕಲ್ಲು ಸಿಗುತ್ತದೆ, ಪಿರಮಿಡ್ಡಿನ ಹೊರಮೈಗೆ ಹೊದಿಸಿದ ಕಲ್ಲು ಅದೇ. ದಿನಚರಿಯಲ್ಲಿ ಏನಿದೆ ಎಂದರೆ, 25ನೇ ದಿನ: ತುರಾದಲ್ಲಿ ದಿನವಿಡೀ ಕಲ್ಲು ಎಳೆದದ್ದಾಯಿತು, ರಾತ್ರಿ ಅಲ್ಲೇ. 26: ಕಲ್ಲು ತುಂಬಿಕೊಂಡು ಹೊರಟದ್ದಾಯಿತು, ರಾತ್ರಿ ಖುಫುವಿನ ಕೆರೆಯ ಹತ್ತಿರ. 27: ಅಲ್ಲಿಂದ ಹೊರಟು ಪಿರಮಿಡ್ ತಲುಪಿದ್ದು, ರಾತ್ರಿ ಅಲ್ಲೇ. ಮತ್ತೆ ಖಾಲಿ ದೋಣಿಯಲ್ಲಿ ತುರಾಕ್ಕೆ ವಾಪಸ್. ಹತ್ತು ದಿನಕ್ಕೆ ಎರಡೋ ಮೂರೋ ಸಲ. ನಮ್ಮ ಲಾರಿ ಡ್ರೈವರ್‌ಗಳ ಟ್ರಿಪ್ ಶೀಟ್ ಇರುತ್ತದಲ್ಲ, ಥೇಟ್ ಹಾಗೇ! ಎಲ್ಲಿ ಲೋಡ್, ಎಲ್ಲಿ ಹಾಲ್ಟ್, ಎಲ್ಲಿ ಅನ್‌ಲೋಡ್. ಇದನ್ನು ಓದುವಾಗ ನನಗೆ ಮೈ ಜುಂ ಅನ್ನುತ್ತದೆ. ಯಾಕೆಂದರೆ ಇದು ಯಾರೋ ಹೇಳಿದ್ದನ್ನು ಕೇಳಿ ಬರೆದದ್ದಲ್ಲ, ಕಲ್ಲು ಸಾಗಿಸಿದವರೇ ಇಟ್ಟ ಲೆಕ್ಕ.

ಜೊತೆಗೆ ರೇಷನ್ ಲೆಕ್ಕದ ಹಾಳೆಗಳೂ ಸಿಕ್ಕಿವೆ. ಗೆರೆ ಎಳೆದು, ಮನೆ ಮಾಡಿ, ಕೆಂಪು ಕಪ್ಪು ಶಾಯಿಯಲ್ಲಿ ಬರೆದದ್ದು. ಬರಬೇಕಾದದ್ದು ಎಷ್ಟು, ಬಂದದ್ದು ಎಷ್ಟು, ಬಾಕಿ ಎಷ್ಟು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಮೂರು ಕಾಲಂ ಚೆನ್ನಾಗಿ ಗೊತ್ತಿರುತ್ತದೆ. ಮೇಲಧಿಕಾರಿಯ ಹೆಸರೂ ಇದೆ, ಅಂಖ್‌ಹಾಫ್ ಎಂದು, ಖುಫುವಿನ ಮಲಸೋದರ. ಇವನ ಎದೆಮಟ್ಟದ ಒಂದು ಮೂರ್ತಿ ಅಮೆರಿಕದ ಬಾಸ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ನೋಡಿದರೆ ಕಣ್ಣ ಕೆಳಗೆ ಚರ್ಮ ಸ್ವಲ್ಪ ಊದಿದೆ, ತುಂಬಾ ಕೆಲಸದ ಒತ್ತಡ ಇರುವ ಸಾಹೇಬರ ಮುಖ ಅನ್ನಿಸುತ್ತದೆ. ಇದು ನನ್ನ ಕಲ್ಪನೆ, ಇದಕ್ಕೆ ಮಾತ್ರ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ.

ಗುಲಾಮರ ಮಾತಿಗೂ ಉತ್ತರ ಮಣ್ಣಿನಲ್ಲೇ ಇತ್ತು. 1990ರಲ್ಲಿ ಗೀಜಾದಲ್ಲಿ ಒಂದು ಕುದುರೆ ಎಡವಿತು. ಎಡವಿದ್ದು ಮಣ್ಣಿಟ್ಟಿಗೆಯ ಗೋಡೆಗೆ. ಅದು ಪಿರಮಿಡ್ ಕೆಲಸಗಾರರ ಸಮಾಧಿಯ ಗೋಡೆ. ಹತ್ತಿರದಲ್ಲೇ ಅವರ ಊರು, ರೊಟ್ಟಿ ಸುಡುವ ಜಾಗ, ತಿಂದು ಬಿಸಾಡಿದ ದನ ಕುರಿಗಳ ಮೂಳೆಗಳ ರಾಶಿ. ಗುಲಾಮರಿಗೆ ರಾಜನ ಪಿರಮಿಡ್ಡಿನ ಪಕ್ಕದಲ್ಲಿ ಸಮಾಧಿ ಯಾರು ಕಟ್ಟುತ್ತಾರೆ ಹೇಳಿ? ಇಷ್ಟೆಲ್ಲ ಇದ್ದೂ ಸುಮ್ನೆ ಚಾಟಿ ತೋರಿಸುತ್ತಾರೆ ನೋಡಿ, ಅದು ನನಗೆ ಸಿಟ್ಟು ತರಿಸುವುದು.

ಅರ್ಧಕ್ಕಿಂತ ಜಾಸ್ತಿ ಸಮಯವನ್ನು ಮೆರೆರ್‌ನೇ ತಿಂದುಬಿಟ್ಟ. ಬೇಗ ಬೇಗ ಹೇಳುತ್ತೇನೆ. ಮೊಹೆಂಜೊದಾರೋದ "ಪುರೋಹಿತ ರಾಜ" ಎಂಬ ಮೂರ್ತಿಯನ್ನು ಪಠ್ಯಪುಸ್ತಕದಲ್ಲಿ ನೋಡಿರುತ್ತೀರಿ. ಗಡ್ಡ, ಹೆಗಲ ಮೇಲೆ ಮೂರೆಲೆ ಚಿತ್ತಾರದ ಹೊದಿಕೆ. ಎತ್ತರ 17.5 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಪುರೋಹಿತ ಎಂದು ಹೇಗೆ ಗೊತ್ತಾಯಿತು? ರಾಜ ಎಂದು ಹೇಗೆ ಗೊತ್ತಾಯಿತು? ಗೊತ್ತಾಗಿಯೇ ಇಲ್ಲ. ಅಗೆದು ತೆಗೆದವರ ಕಾಲದಲ್ಲಿ ಇಟ್ಟ ಹೆಸರು ಹಾಗೇ ಅಂಟಿಕೊಂಡಿದೆ. ಸಿಂಧೂ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಓದಿಲ್ಲ.

ನಮ್ಮ ಚಿತ್ರದುರ್ಗದ ಕಡೆಯವರಿಗೆ ಒಂದು ಮಾತು. ಬ್ರಿಟನ್ನಿನ ಟೀವಿಯಲ್ಲಿ ಪುರಾತತ್ವವನ್ನು ಮನೆಮನೆಗೆ ತಲುಪಿಸಿ 1954ರಲ್ಲಿ ವರ್ಷದ ಟೀವಿ ವ್ಯಕ್ತಿ ಎನಿಸಿಕೊಂಡ ಮಾರ್ಟಿಮರ್ ವೀಲರ್, ಅದಕ್ಕೂ ಮೊದಲು 1947ರಲ್ಲಿ ನಿಮ್ಮ ಚಂದ್ರವಳ್ಳಿಯಲ್ಲಿ, ಬ್ರಹ್ಮಗಿರಿಯಲ್ಲಿ ಅಗೆದವರು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟಿಬೇರಿಯಸ್ಸನ ಬೆಳ್ಳಿ ನಾಣ್ಯ ಸಿಕ್ಕಿದೆ. ಅವನು ಆಳಿದ್ದು ಕ್ರಿ.ಶ. 14ರಿಂದ 37. ಹಾಗಾದರೆ ಆ ನಾಣ್ಯ ಇದ್ದ ಮಣ್ಣಿನ ಪದರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಅಲ್ವಾ? ಹೀಗೆ ಗೊತ್ತಾಗುವುದು. ಒಳ್ಳೆಯ ಡಾಕ್ಯುಮೆಂಟರಿ ಇದನ್ನು ತೋರಿಸುತ್ತದೆ, ಕೆಟ್ಟದ್ದು ಬರೀ ಗ್ರಾಫಿಕ್ಸ್ ತೋರಿಸುತ್ತದೆ.

ಸ್ಮಾರ್ಟ್ ಬೋರ್ಡ್ ಇರುವ ಶಾಲೆಯ ಮೇಷ್ಟರುಗಳೇ, ಟೀಚರುಗಳೇ, ದಯವಿಟ್ಟು ಒಂದು ಗಂಟೆಯ ವಿಡಿಯೋ ಹಾಕಿ ಸ್ಟಾಫ್ ರೂಮಿಗೆ ಹೋಗಬೇಡಿ. ಹತ್ತು ನಿಮಿಷ ತೋರಿಸಿ, ನಿಲ್ಲಿಸಿ, ಹೇಗೆ ಗೊತ್ತಾಯಿತು ಎಂದು ಮಕ್ಕಳನ್ನೇ ಕೇಳಿ. ಈಜಿಪ್ಟಿನ ಇನ್ನೊಬ್ಬ ರಾಜ ಮೂರನೇ ರಾಮ್ಸೆಸ್ಸನ ಕಾಲದಲ್ಲಿ ರಾಜರ ಸಮಾಧಿ ಕೊರೆಯುತ್ತಿದ್ದವರು ಸಂಬಳದ ದವಸ ಬಂದಿಲ್ಲ, ಹಸಿವಾಗಿದೆ ಎಂದು ಕೆಲಸ ಬಿಟ್ಟು ಮುಷ್ಕರ ಕೂತಿದ್ದರು. ಅದೂ ಪಪೈರಸ್‌ನಲ್ಲೇ ಇದೆ, ಅದನ್ನೂ ವಿವರವಾಗಿ ಹೇಳಬೇಕೆಂದಿದ್ದೆ. ಬಾನುಲಿಯವರು ಮತ್ತೆ ಕರೆದರೆ ಹೇಳುತ್ತೇನೆ. ನಮಸ್ಕಾರ.