ಶಿರಸಿಯ ಪರದೆ, ಮೈಸೂರಿನ ಟರ್ಮಿನಲ್

ನಮಸ್ಕಾರ. ಈ ವಿಡಿಯೊದಲ್ಲಿ ನಾನು ಕೂತಿರುವುದು ಮೈಸೂರಿನಲ್ಲಿ, ಆದರೆ ಪರದೆಯ ಮೇಲೆ ಕಾಣುತ್ತಿರುವ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ, ಶಿರಸಿ ಹತ್ತಿರದ ನಮ್ಮ ಮನೆಯ ಕಂಪ್ಯೂಟರಿನದು. ಅಪ್ಪನ ಬಳಿ ಇರುವುದು ರಾಸ್ಪ್‌ಬೆರಿ ಪೈ 400, ಕೀಬೋರ್ಡಿನೊಳಗೇ ಕಂಪ್ಯೂಟರ್ ಅಡಗಿರುವ ಯಂತ್ರ. ಟಿವಿಗೆ ಜೋಡಿಸಿಕೊಂಡು ಅಡಿಕೆ ಧಾರಣೆ ನೋಡುತ್ತಾರೆ, ಪತ್ರಿಕೆ ಓದುತ್ತಾರೆ. ಮೂರು ದಿನಗಳಿಂದ ಒಂದೇ ಮಾತು: "ಮಾಣಿ, ಮೂಲೆಯಲ್ಲಿ ಏನೋ ಬರಹ ಬರುತ್ತದೆ. ಕನ್ನಡಕ ಹಾಕಿಕೊಳ್ಳುವುದರೊಳಗೆ ಹೋಗಿಬಿಡುತ್ತದೆ."

ಹಾಗಾಗಿ ಆ ಪರದೆಯ ಚಿತ್ರ ಇಲ್ಲಿಗೆ ಬೇಕು. ದೂರದ ಕಂಪ್ಯೂಟರಿಗೆ ಇಲ್ಲಿಂದಲೇ ಆದೇಶ ಕೊಡಲು ಬಿಡುವ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗುವುದನ್ನು ನೀವೇ ನೋಡುತ್ತಿದ್ದೀರಿ, ಅದನ್ನು ಬಿಡುತ್ತೇನೆ. ಅದಕ್ಕೂ ಮೊದಲು ಅಪ್ಪನಿಗೆ ಫೋನ್ ಮಾಡಿ, "ಈಗ ಪರದೆಯ ಚಿತ್ರ ತೆಗೆಯುತ್ತೇನೆ" ಎಂದು ಹೇಳಿದ್ದೇನೆ. ಮನೆಯವರೇ ಆದರೂ ಹೇಳದೆ ಇಣುಕಬಾರದು. ಈ ವಿಷಯದಲ್ಲಿ ನಾನು ಬಹಳ ಗಟ್ಟಿ.

ಈಗ ಇಲ್ಲಿ ನೋಡಿ. ಪರದೆಯ ಚಿತ್ರ ತೆಗೆಯುವ, ಇಮೇಜ್‌ಮ್ಯಾಜಿಕ್ ತಂತ್ರಾಂಶದ ಇಂಪೋರ್ಟ್ ಆದೇಶ ಕೊಟ್ಟೆ. ಎಕ್ಸ್ ಸರ್ವರ್ ತೆರೆಯಲಾಗದು ಎಂಬ ಉತ್ತರ ಬಂತು. ಎಕ್ಸ್ ಎಂದರೆ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆ. ಇದು ನಿರೀಕ್ಷಿಸಿದ್ದೇ. ದೂರದಿಂದ ಬಂದವನಿಗೆ ಯಾವ ಪರದೆ ಎಂದು ಗೊತ್ತಿರುವುದಿಲ್ಲ, ನಾವೇ ಹೇಳಬೇಕು. ಡಿಸ್‌ಪ್ಲೇ ಎಂಬ ಚರಕ್ಕೆ ಕೋಲನ್ ಸೊನ್ನೆ ಎಂದು ಕೊಟ್ಟೆ. ಸದ್ದಿಲ್ಲದೆ ಕೆಲಸ ಮುಗಿಯಿತು, ಚಿತ್ರ ಬಂತು. ತೆರೆದು ನೋಡಿದರೆ ಪೂರ್ತಿ ಕಪ್ಪು!

ಈ ಕಪ್ಪು ಚಿತ್ರಕ್ಕೆ ನಿನ್ನೆ ನನ್ನ ಇಡೀ ಸಂಜೆ ಹೋಯಿತು. ಟಿವಿ ಆರಿದೆಯೇ ಎಂದು ಅಪ್ಪನನ್ನು ಕೇಳಿದೆ, ಇಲ್ಲ, ಉರಿಯುತ್ತಿದೆ. ಸ್ಕ್ರೀನ್‌ಸೇವರ್ ಇರಬಹುದೇ? ಅದೂ ಅಲ್ಲ. ಚಿತ್ರ ತೆಗೆಯುವ ಇನ್ನೊಂದು ಆದೇಶ ಎಕ್ಸ್‌ಡಬ್ಲ್ಯುಡಿ ಬಳಸಿ ತೆಗೆದೆ, ಮತ್ತೆ ಕಪ್ಪು. ಅಗಲ 1920, ಎತ್ತರ 1080, ಅಳತೆ ಎಲ್ಲವೂ ಸರಿ, ಆದರೆ ಒಳಗೆ ಏನೂ ಇಲ್ಲ. ತಪ್ಪು ಎಂದಾದರೂ ಹೇಳಿದ್ದರೆ ಹುಡುಕಬಹುದಿತ್ತು. ಯಶಸ್ಸು ಎಂದು ಹೇಳಿ ಕತ್ತಲೆ ಕೊಡುವ ಯಂತ್ರದ ಮೇಲೆ ಬಹಳ ಸಿಟ್ಟು ಬರುತ್ತದೆ. ಅಪ್ಪ ಮಾತ್ರ ಫೋನಿನಲ್ಲಿ ಮಳೆಯ ವಿಷಯ, ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಜನ ಸಿಗದ ವಿಷಯ, ಪಕ್ಕದ ಮನೆಯ ಹಸು ತೋಟಕ್ಕೆ ನುಗ್ಗಿದ ವಿಷಯ ಎಲ್ಲವನ್ನೂ ಹೇಳಿದರು. ಆ ಹಸು ಹೋದ ವರ್ಷವೂ ಹೀಗೆಯೇ... ಇರಲಿ, ದೃಶ್ಯ ಬದಲಾಯಿತು.

ಕಾರಣ ಇದು. ದೀಪಾವಳಿಗೆ ಹೋದಾಗ ನಾನೇ ಪೈಗೆ ಅದರ ಕಾರ್ಯಾಚರಣಾ ವ್ಯವಸ್ಥೆಯ ಹೊಸ ಆವೃತ್ತಿ ಹಾಕಿ ಬಂದಿದ್ದೆ. 2023ರ ಬುಕ್‌ವರ್ಮ್ ಆವೃತ್ತಿಯಿಂದ ಈ ಯಂತ್ರದ ಡೆಸ್ಕ್‌ಟಾಪ್ ಎಕ್ಸ್ ಬಿಟ್ಟು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಗೆ ಬಂದಿದೆ. ಹಳೆಯ ತಂತ್ರಾಂಶಗಳಿಗೆಂದು ಒಳಗೆ ಎಕ್ಸ್‌ವೇಲ್ಯಾಂಡ್ ಎಂಬ ಎಕ್ಸ್ ಸರ್ವರ್ ಇನ್ನೂ ಇದೆ. ನನಗೆ ಉತ್ತರ ಕೊಟ್ಟಿದ್ದು ಅದು. ಜಗುಲಿಯಲ್ಲಿ ಕೂತವನಿಗೆ ಅಡುಗೆಮನೆ ಕಾಣದ ಹಾಗೆ, ಅದಕ್ಕೆ ಇಡೀ ಪರದೆ ಕಾಣುವುದೇ ಇಲ್ಲ.

ನಿನ್ನೆ ರಾತ್ರಿ ವೇಲ್ಯಾಂಡ್ ಬೇಡವೇ ಬೇಡ ಎಂದಿದ್ದೆ. ಇವತ್ತು ಹಾಗೆ ಹೇಳಲಾರೆ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್‌ನಲ್ಲಿ, ಒಳಗೆ ಬಂದ ಯಾವ ತಂತ್ರಾಂಶವಾದರೂ ಉಳಿದವರ ಕಿಟಕಿ ನೋಡಬಹುದು, ಒತ್ತಿದ ಕೀಲಿಗಳನ್ನೂ ಓದಬಹುದು. ಅಪ್ಪ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರ ಇದು. ಆ ಬಾಗಿಲು ಮುಚ್ಚಿದ್ದು ಒಳ್ಳೆಯದೇ ಆಯಿತು.

ಹಾಗಾದರೆ ಚಿತ್ರ ಹೇಗೆ? ಗ್ರಿಮ್ ಎಂಬ ಪುಟ್ಟ ಆದೇಶ ಇದೆ. ಡೆಸ್ಕ್‌ಟಾಪನ್ನು ನಡೆಸುವ ಕಾಂಪೋಸಿಟರನ್ನೇ ಅದು ಚಿತ್ರ ಕೇಳುತ್ತದೆ. ವೇಲ್ಯಾಂಡ್ ಡಿಸ್‌ಪ್ಲೇಯ ಹೆಸರು ಮಾತ್ರ ಕೊಡಬೇಕು. ಕೊನೆಯ ಅಂಕಿ 0 ಇರಬಹುದು, 1 ಇರಬಹುದು, ರನ್ ಯೂಸರ್ ಫೋಲ್ಡರಿನಲ್ಲಿ ನೋಡಿಕೊಳ್ಳಿ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಪ್ರಯತ್ನಿಸಬೇಡಿ. ಫೈಲ್ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಹಾಕಿದರೆ ಚಿತ್ರ ಎಸ್‌ಎಸ್‌ಎಚ್ ದಾರಿಯಲ್ಲೇ ಹರಿದು ನೇರ ಮೈಸೂರಿಗೆ ಬರುತ್ತದೆ.

ಆ ಬರಹ ಬಂದು ಹೋಗುವಂಥದ್ದು. ಆದ್ದರಿಂದ ಐದು ಸೆಕೆಂಡಿಗೊಂದು ಚಿತ್ರ ತೆಗೆಯಲು ಬಿಟ್ಟೆ. ಮೂವತ್ತೊಂದನೆಯ ಚಿತ್ರ ಇಗೋ, ಬಲಮೂಲೆ ನೋಡಿ: ವೋಲ್ಟೇಜ್ ಕಡಿಮೆ ಇದೆ, ವಿದ್ಯುತ್ ಪೂರೈಕೆ ಪರೀಕ್ಷಿಸಿ ಎಂಬ ಎಚ್ಚರಿಕೆ. 4.63 ವೋಲ್ಟ್‌ಗಿಂತ ಕೆಳಗೆ ಇಳಿದಾಗ ಬರುತ್ತದೆ. ಪೈಗೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್ ಕೊಡುವ ಚಾರ್ಜರ್.

ಅಪ್ಪನಿಗೆ ಫೋನ್ ಮಾಡಿದೆ. ಅಮ್ಮನ ಹೊಸ ಮೊಬೈಲಿಗೆ ಪೈಯ ಚಾರ್ಜರ್ ಹೋಗಿದೆ, ಅಮ್ಮನ ಹಳೆಯ ಚಾರ್ಜರ್ ಪೈಗೆ ಬಂದಿದೆ! ಎರಡರ ಪಿನ್ನೂ ಒಂದೇ, ಅವರಾದರೂ ಹೇಗೆ ಗುರುತಿಸಬೇಕು? "ಅಮ್ಮನನ್ನೇ ಕೇಳು" ಎಂದು ಫೋನ್ ಅವರ ಕೈಗೆ ಕೊಟ್ಟರು. ಅಮ್ಮ ಒಪ್ಪಿದ್ದಾರೆ, ಅವರ ಮೊಬೈಲ್ ಪೂರ್ತಿ ಚಾರ್ಜ್ ಆದ ಮೇಲೆ.