ಕೊನೆ ಕಂಬದ ಮನೆಯ ಸೋಲಾರ್

ಕೇಳುಗರಿಗೆ ನಮಸ್ಕಾರ.

ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವರ ಪಾಡು ನಿಮಗೆ ಗೊತ್ತೇ ಇದೆ. ಮೇಲಿನವರು ಹಾಯಿಸಿಕೊಂಡು ಮಿಕ್ಕರೆ ಇವರಿಗೆ ನೀರು. ಕರೆಂಟಿನ ಲೈನಿನಲ್ಲೂ ಕೊನೆ ಕಂಬದ ಮನೆಗೆ ಇಷ್ಟು ಕಾಲ ಅದೇ ಪಾಡು. ಪಂಪ್‌ಸೆಟ್‌ಗಳು ಶುರುವಾದವೆಂದರೆ ಬಲ್ಬು ಕೆಂಪಗಾಗುತ್ತಿತ್ತು, ಫ್ಯಾನು ಸೊರಗುತ್ತಿತ್ತು. ಮಾಳಿಗೆ ಮೇಲೆ ಸೋಲಾರ್ ಬಂದ ಮೇಲೆ ಅದೇ ಮನೆಗೆ ತಿರುಗಾಮುರುಗಾ ತೊಂದರೆ. ನಡುಮಧ್ಯಾಹ್ನ ವೋಲ್ಟೇಜು ಜಾಸ್ತಿ!

ನನ್ನ ಪರಿಚಯದ ಮೇಷ್ಟ್ರೊಬ್ಬರು ಊರಾಚೆ ಮನೆ ಕಟ್ಟಿ 5 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದರು. ಒಂದು ಭಾನುವಾರ ಫೋನು ಬಂತು. “ಬಿಸಿಲು ಚುರುಗುಡ್ತಿದೆ, ಇನ್ವರ್ಟರ್ ಮಾತ್ರ ಮಲಗಿಬಿಟ್ಟಿದೆ. ಒಂದ್ಸಲ ಬಂದು ನೋಡಿ ಸಾರ್.” ಹೋದೆ. ಇನ್ವರ್ಟರ್ ಎಂದರೆ ಸೋಲಾರಿನ ಕರೆಂಟನ್ನು ಮನೆಗೂ ಲೈನಿಗೂ ಹೊಂದುವಂತೆ ಮಾಡಿ ಕಳಿಸುವ ಪೆಟ್ಟಿಗೆ. ಅದರ ಪರದೆಯ ಮೇಲೆ 254 ವೋಲ್ಟ್, ಪಕ್ಕದಲ್ಲಿ ಕೆಂಪು ದೀಪ. ಕಾಫಿ ಕುಡಿಯುವಷ್ಟರಲ್ಲಿ ತಾನಾಗಿಯೇ ಎದ್ದಿತು. ಲೋಟ ಕೆಳಗಿಡುವ ಮೊದಲೇ ಟಕ್ ಎಂದು ಮತ್ತೆ ನಿಂತಿತು.

ಇನ್ವರ್ಟರ್ ಕೆಟ್ಟಿರಲಿಲ್ಲ, ಕಾನೂನು ಪಾಲಿಸುತ್ತಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದ ಪ್ರಕಾರ ವೋಲ್ಟೇಜು ಶೇಕಡಾ 110 ದಾಟಿದರೆ ಎರಡು ಸೆಕೆಂಡಿನೊಳಗೆ ಅದು ಲೈನಿನಿಂದ ಕಳಚಿಕೊಳ್ಳಬೇಕು. 230ರ ಲೆಕ್ಕದಲ್ಲಿ ಆ ಗಡಿ 253.

ಈಗ ನಿಮ್ಮ ಬೀದಿಯ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಫಲಕ ಓದಿ. 11 ಕಿಲೋವೋಲ್ಟಿನಿಂದ 433 ವೋಲ್ಟ್ ಎಂದಿರುತ್ತದೆ. ಅದು ಫೇಸು ಫೇಸಿನ ನಡುವಿನ ಲೆಕ್ಕ, ಮನೆಗೆ ಬರುವ ಒಂದು ಫೇಸಿಗೆ 250 ಆಯಿತು. ದಾರಿಯುದ್ದಕ್ಕೂ ಸೋರಿದರೂ ಕೊನೆ ಮನೆಗೆ 230 ಮುಟ್ಟಲಿ ಅಂತ ಹಿರಿಯರು ಮೊದಲೇ ಏರಿಸಿಟ್ಟಿದ್ದು. ಕರೆಂಟು ಒಂದೇ ದಿಕ್ಕಿಗೆ ಹೋಗುತ್ತಿದ್ದ ಕಾಲಕ್ಕೆ ಅದು ಸರಿಯಾದ ಲೆಕ್ಕವೇ. ಆದರೆ ಲೋಡೇ ಇಲ್ಲದ ಮಧ್ಯಾಹ್ನ 250ಕ್ಕೂ 253ಕ್ಕೂ ನಡುವೆ ಉಳಿಯುವ ಜಾಗ ಬರೀ 3 ವೋಲ್ಟ್.

ಮೇಷ್ಟ್ರ ಮನೆ ಟಿಸಿಯಿಂದ ಸುಮಾರು 400 ಮೀಟರ್ ದೂರ. ನಮ್ಮ ಲೈನ್‌ಮ್ಯಾನ್‌ಗಳು ರ‍್ಯಾಬಿಟ್ ಅನ್ನುವ ತಂತಿಗೆ ಕಿಲೋಮೀಟರಿಗೆ ಅರ್ಧ ಓಮ್ ಮೇಲೆ ರೋಧ. ಫೇಸು, ನ್ಯೂಟ್ರಲ್ ಎರಡನ್ನೂ ಕೂಡಿಸಿ 0.4 ಓಮ್ ಅನ್ನಿ. ಸೋಲಾರಿನಿಂದ ಹೊರಡುವುದು 21-22 ಆಂಪಿಯರ್. ಗುಣಿಸಿದರೆ 9 ವೋಲ್ಟ್ ಏರಿಕೆ. ನೀರಿನ ಹಾಗೆಯೇ, ಹಿಂದಕ್ಕೆ ತಳ್ಳಬೇಕೆಂದರೆ ತಳ್ಳುವ ಕಡೆ ಮಟ್ಟ ಹೆಚ್ಚಿರಲೇಬೇಕಲ್ಲ.

ಇದಕ್ಕೆ ಮದ್ದು ಇನ್ವರ್ಟರಿನ ಒಳಗೇ ಇದೆ. ಪಂಪಿನ ಮೋಟಾರು ರಿಯಾಕ್ಟಿವ್ ಪವರ್, ಅಂದರೆ ಯೂನಿಟ್ಟಿಗೆ ಸೇರದೆ ಲೈನಿನಲ್ಲಿ ಸುಮ್ಮನೆ ಹೋಗಿ ಬರುವ ಪವರ್, ಎಳೆದು ವೋಲ್ಟೇಜು ಬೀಳಿಸುತ್ತದೆ, ಅದಕ್ಕೇ ಕೆಪಾಸಿಟರ್ ಹಾಕಿಸಿ ಎಂದು ರೈತರಿಗೆ ಹೇಳುತ್ತಲೇ ಬಂದಿದ್ದೇವೆ. ನಾವು ಬೈಯುತ್ತಿದ್ದ ಆ ಗುಣವನ್ನೇ ಇನ್ವರ್ಟರ್ ಬೇಕೆಂದೇ ತೋರಿಸಬಲ್ಲದು. ವೋಲ್ಟೇಜು ಏರಿದಾಗ ರಿಯಾಕ್ಟಿವ್ ಎಳೆದುಕೊಂಡು ಅದನ್ನು ತಗ್ಗಿಸುತ್ತದೆ. ಹಾಗಾದರೆ ಬಿಸಿಲಿನ ಯೂನಿಟ್ಟು ನಷ್ಟವೇ? ಹೈಸ್ಕೂಲಿನ ಲಂಬಕೋನ ತ್ರಿಕೋನ ನೆನಪಿಸಿಕೊಳ್ಳಿ: 3, 4, 5. ಉದ್ದದ ಬದಿ ಇನ್ವರ್ಟರಿನ ಒಟ್ಟು ಸಾಮರ್ಥ್ಯ, ಅದರ ಅಳತೆ ಕೆವಿಎ; ರಿಯಾಕ್ಟಿವ್‌ನ ಅಳತೆ ಕೆವಿಎಆರ್. 5 ಕೆವಿಎ ಇನ್ವರ್ಟರ್ 4 ಕಿಲೋವ್ಯಾಟ್ ಉತ್ಪಾದಿಸುತ್ತಿರುವಾಗಲೇ 3 ಕೆವಿಎಆರ್ ರಿಯಾಕ್ಟಿವ್‌ಗೆ ಜಾಗವಿರುತ್ತದೆ. ಹಾಗಂತ ಇದು ಸಂಜೀವಿನಿಯೂ ಅಲ್ಲ. ಮನೆಗಳಿಗೆ ಬರುವ ನಮ್ಮ ಎಲ್‌ಟಿ ಲೈನುಗಳಲ್ಲಿ ರೋಧವೇ ಹೆಚ್ಚಾದ್ದರಿಂದ ಪರಿಣಾಮ ಅರೆಬರೆ, ತಂತಿ ಬಿಸಿಯಾಗುವುದೂ ತುಸು ಹೆಚ್ಚು.

ತಮಾಷೆಯೆಂದರೆ, ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಐಇಇಇಯ 1547 ಎಂಬ ಮಾನದಂಡ 2003ರಲ್ಲಿ, ಇನ್ವರ್ಟರ್ ವೋಲ್ಟೇಜಿಗೆ ಕೈ ಹಾಕಲೇಬಾರದು ಎಂದಿತ್ತು. ಅದೇ 2018ರಲ್ಲಿ, ಕೈ ಹಾಕುವ ಸಾಮರ್ಥ್ಯ ಇರಲೇಬೇಕು ಎಂದಿತು. ಆಸ್ಟ್ರೇಲಿಯಾ 2021ರ ಡಿಸೆಂಬರಿನಿಂದ ಹೊಸ ಇನ್ವರ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಅಲ್ಲಿನ ಹೆಚ್ಚಿನ ಕಡೆ 240 ವೋಲ್ಟ್ ದಾಟಿದೊಡನೆ ರಿಯಾಕ್ಟಿವ್ ಎಳೆಯುವುದು ಶುರು. 253 ದಾಟಿದರೆ ಉತ್ಪಾದನೆ ಮೆಲ್ಲಗೆ ಇಳಿದು, 260ರಲ್ಲಿ ಐದನೇ ಒಂದು ಭಾಗಕ್ಕೆ ಬರುತ್ತದೆ. ಒಮ್ಮೆಲೇ ಟಕ್ ಎಂದು ಕಳಚಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೂ ನನಗೊಂದು ತಕರಾರಿದೆ. ಟಿಸಿಯ ಪಕ್ಕದ ಮನೆಯ ಸೋಲಾರಿಗೆ 253ರ ಬಿಸಿ ತಟ್ಟುವುದೇ ಅಪರೂಪ. ಅದೇ ಲೈನು, ಅದೇ ಬಿಸಿಲು, ಯೂನಿಟ್ಟು ಕಳೆದುಕೊಳ್ಳುವವನು ಮಾತ್ರ ಕೊನೆ ಕಂಬದವನು. ವೋಲ್ಟೇಜು ತಗ್ಗಿಸುವ ಕೆಲಸವನ್ನು ಲೈನಿನ ಎಲ್ಲ ಇನ್ವರ್ಟರುಗಳೂ ಹಂಚಿಕೊಳ್ಳಬೇಕು, ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮನೆ ಮನೆಗೆ ಸೋಲಾರ್ ಎನ್ನುತ್ತಿರುವ ಈ ಹೊತ್ತಿನಲ್ಲೇ ಇದು ಇತ್ಯರ್ಥವಾಗಬೇಕು.

ಮೇಷ್ಟ್ರ ಮನೆಯಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಲೈನ್‌ಮ್ಯಾನ್ ಕಂಬ ಹತ್ತಿ ನೋಡಿದ. ಆ ಬೀದಿಯ ಮೂರೂ ಸೋಲಾರ್ ಮನೆಗಳನ್ನು ಒಂದೇ ಫೇಸಿಗೆ ಕೊಟ್ಟಿದ್ದರು, ಮೂವರೂ ತಳ್ಳುವುದು ಒಂದೇ ತಂತಿಗೆ ಬೀಳುತ್ತಿತ್ತು. ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಇವರದನ್ನು ಬೇರೆ ಫೇಸಿಗೆ ಹಾಕಿಸಿದೆವು. ಈಗ ಮಧ್ಯಾಹ್ನ 248ರ ಆಚೆ ಹೋಗುತ್ತಿಲ್ಲವಂತೆ. ಮೇಷ್ಟ್ರು ದಿನಾ ಊಟಕ್ಕೆ ಕೂರುವ ಮುಂಚೆ ಹೋಗಿ ಪರದೆ ನೋಡಿ ಬರುತ್ತಾರೆ.

ನಮಸ್ಕಾರ.