ಯುದ್ಧ ಮುಗೀತು ಅಂತ ಹೇಳಿದ್ದಕ್ಕೆ ಕೆಲಸ ಹೋಯ್ತು!

[ಕಪ್ಪು ಪರದೆ. ಟೈಪ್‌ರೈಟರ್ ಸದ್ದು.]

1945ರ ಮೇ 7, ಬೆಳಗಿನ ಜಾವ 2 ಗಂಟೆ 41 ನಿಮಿಷ. ಫ್ರಾನ್ಸಿನ ರೀಮ್ಸ್ ಊರಿನ ಒಂದು ಶಾಲೆ ಕಟ್ಟಡ. ಜರ್ಮನಿಯ ಜನರಲ್ ಯೋಡ್ಲ್ ಶರಣಾಗತಿ ಪತ್ರಕ್ಕೆ ಸಹಿ ಹಾಕ್ತಾನೆ. ಕಣ್ಣೆದುರಲ್ಲೇ ನೋಡಿದ ವರದಿಗಾರರು 17 ಜನ. ಯಾರೂ ಒಂದಕ್ಷರ ಕಳಿಸೋ ಹಾಗಿಲ್ಲ!

ಯಾಕಂದ್ರೆ ಅಲ್ಲಿಗೆ ಕರ್ಕೊಂಡು ಬರುವಾಗ, ವಿಮಾನದಲ್ಲೇ ಮಿತ್ರಪಡೆಗಳ (ಅಮೆರಿಕ, ಬ್ರಿಟನ್ ಕಡೆಯ) ಸೇನಾಧಿಕಾರಿಗಳು ಅವರ ಹತ್ರ ಮಾತು ತಗೊಂಡಿದ್ರು: ನಾವು ಹೇಳೋವರೆಗೂ ಬಾಯಿ ಬಿಡಬಾರದು. ಆಕಾಶದಲ್ಲಿ ಕೂತವರು ಆಗಲ್ಲ ಅಂತ ಇಳಿದು ಹೋಗೋಕಾಗತ್ತಾ?

ಆ ಕಾಲದ ಪದ್ಧತಿ ಹೀಗಿತ್ತು. ರಣರಂಗದಿಂದ ಹೋಗೋ ಪ್ರತಿ ವರದಿಯನ್ನೂ ಸೈನ್ಯದ ಸೆನ್ಸಾರ್ ಅಧಿಕಾರಿ ಮೊದಲು ಓದಬೇಕು. ಯಾವ ಪಡೆ ಎಲ್ಲಿದೆ, ಹಡಗು ಯಾವಾಗ ಹೊರಡತ್ತೆ, ಇಂಥದ್ದಕ್ಕೆಲ್ಲ ಕತ್ತರಿ. ಇದರಲ್ಲಿ ತಪ್ಪೇನೂ ಇಲ್ಲ. ಒಂದು ಸಾಲು ಓದಿ ಶತ್ರು ಗುರಿ ಇಟ್ಟರೆ ಸಾಯೋದು ನಮ್ಮ ಹುಡುಗರೇ. ವರದಿಗಾರರೂ ಇದನ್ನ ಒಪ್ಪಿದ್ರು.

ಆದ್ರೆ ರೀಮ್ಸ್‌ನಲ್ಲಿ ಮುಚ್ಚಿಟ್ಟ ಗುಟ್ಟು ಯಾರಿಂದ? ಶತ್ರುವಿಂದಲಂತೂ ಅಲ್ಲ, ಸಹಿ ಹಾಕಿದ್ದೇ ಅವನು!

[ಸ್ಟಾಲಿನ್, ಟ್ರೂಮನ್, ಚರ್ಚಿಲ್ ಚಿತ್ರ]

ಸೋವಿಯತ್ ರಷ್ಯಾದ ನಾಯಕ ಸ್ಟಾಲಿನ್‌ಗೆ ಬರ್ಲಿನ್‌ನಲ್ಲಿ ತಮ್ಮದೇ ಇನ್ನೊಂದು ಶರಣಾಗತಿ ಸಮಾರಂಭ ಆಗಬೇಕಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್, ಬ್ರಿಟನ್ ಪ್ರಧಾನಿ ಚರ್ಚಿಲ್ ಹೂಂ ಅಂದ್ರು. ಹಾಗಾಗಿ ಸುದ್ದಿಗೆ ಮರುದಿನ ಮಧ್ಯಾಹ್ನ 3ರವರೆಗೆ, ಅಂದ್ರೆ ಸುಮಾರು 36 ಗಂಟೆ ಬೀಗ. ಬರ್ಲಿನ್ ಸಹಿ ನಡೆಯೋ ಹೊತ್ತಿಗೆ ಮಾಸ್ಕೋದಲ್ಲಿ ಮೇ 9 ಆಗಿತ್ತು. ರಷ್ಯಾ ಇವತ್ತಿಗೂ ವಿಜಯ ದಿನ ಆಚರಿಸೋದು 9ಕ್ಕೇ.

ಆ 17 ಜನರಲ್ಲಿ ಒಬ್ಬ ಎಡ್ವರ್ಡ್ ಕೆನಡಿ, ಅಸೋಸಿಯೇಟೆಡ್ ಪ್ರೆಸ್ ಅನ್ನೋ ಅಮೆರಿಕದ ಸುದ್ದಿ ಏಜೆನ್ಸಿಯ ಪ್ಯಾರಿಸ್ ಮುಖ್ಯಸ್ಥ. ಮೇ 7ರ ಮಧ್ಯಾಹ್ನ ಜರ್ಮನ್ನರ ಫ್ಲೆನ್ಸ್‌ಬರ್ಗ್ ರೇಡಿಯೋನೇ ಶರಣಾಗತಿ ಸುದ್ದಿ ಹೇಳಿಬಿಡ್ತು. ಆ ಪ್ರದೇಶ ಮಿತ್ರಪಡೆಗಳ ಹಿಡಿತದಲ್ಲಿತ್ತು. ಸೈನ್ಯ ಒಪ್ಪದೆ ಅದು ಹೊರಬರೋಕೆ ಸಾಧ್ಯ ಇಲ್ಲ ಅಂತ ಕೆನಡಿ ಲೆಕ್ಕ ಹಾಕಿದ.

ಸೀದಾ ಸೆನ್ಸಾರ್ ಅಧಿಕಾರಿ ಹತ್ರ ಹೋಗಿ, ಇನ್ನು ನಿಮ್ಮ ಕಟ್ಟಳೆ ನನಗಿಲ್ಲ ಅಂದ. ಕದ್ದುಮುಚ್ಚಿ ಏನೂ ಮಾಡಲಿಲ್ಲ ಅನ್ನೋದನ್ನ ಗಮನಿಸಿ. ಆಮೇಲೆ ಸೆನ್ಸಾರ್ ಕಣ್ಣಿಗೆ ಬೀಳದ ಮಿಲಿಟರಿ ಫೋನ್ ಲೈನ್ ಹಿಡಿದು ತನ್ನ ಏಜೆನ್ಸಿಯ ಲಂಡನ್ ಕಚೇರಿಗೆ ಸುದ್ದಿ ಓದಿ ಹೇಳಿದ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9:36ಕ್ಕೆ ಅದು ಲೋಕಕ್ಕೆಲ್ಲ ಹೋಯ್ತು.

ಸೈನ್ಯ ಕೆಂಡವಾಯ್ತು. ಇಡೀ ಏಜೆನ್ಸಿಯ ವರದಿಗಳನ್ನೇ ಕೆಲವು ಗಂಟೆ ತಡೆ ಹಿಡೀತು, ಯುದ್ಧ ವರದಿ ಮಾಡೋಕೆ ಕೆನಡಿಗಿದ್ದ ಮಾನ್ಯತೆ ಕಿತ್ತುಕೊಳ್ತು. ಜೊತೆಯ ವರದಿಗಾರರೂ ಅವನ ಮೇಲೇ ತಿರುಗಿಬಿದ್ರು. ಅವರ ಸಿಟ್ಟು ನನಗೆ ಅರ್ಥ ಆಗತ್ತೆ: ಮಾತು ಉಳಿಸಿಕೊಂಡವರು ಹಿಂದೆ ಬಿದ್ರು, ಮುರಿದವನ ಸುದ್ದಿ ಮುಖಪುಟಕ್ಕೆ ಬಂತು. ಆದರೂ ನನ್ನ ಮಟ್ಟಿಗೆ ಕೆನಡಿಯೇ ಸರಿ. ಜೀವ ಉಳಿಸೋಕೆ ಕೊಟ್ಟ ಕತ್ತರಿಯನ್ನ ರಾಜಕಾರಣಿಗಳ ಮುಹೂರ್ತಕ್ಕೆ ಬಳಸಿದ್ರೆ, ಆ ಮಾತಿಗೆ ಏನು ಬೆಲೆ?

ಏಜೆನ್ಸಿ ಅವನನ್ನ ಕೈಬಿಟ್ಟಿತು. ಕ್ಯಾಲಿಫೋರ್ನಿಯಾದ ಸಣ್ಣ ಪತ್ರಿಕೆಗಳಲ್ಲಿ ಸಂಪಾದಕನಾಗಿ ದಿನ ದೂಡಿದ. 1963ರಲ್ಲಿ ಕಾರು ಬಡಿದು ತೀರಿಕೊಂಡ. ಏಜೆನ್ಸಿ ತಪ್ಪಾಯ್ತು ಅಂದಿದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಅವನು ಸತ್ತು 49 ವರ್ಷ.

[ಸ್ಮಾರಕದ ಚಿತ್ರ. ಸಂಗೀತ ಬೇಡ.]

ಕ್ಯಾಲಿಫೋರ್ನಿಯಾದಲ್ಲಿ ಅವನದೊಂದು ಸ್ಮಾರಕದ ಕಲ್ಲಿದೆ. ಜಗತ್ತಿಗೆ ಒಂದು ದಿನದ ಖುಷಿ ಹೆಚ್ಚಿಗೆ ಕೊಟ್ಟವನು ಅಂತ ಅದರ ಮೇಲೆ ಕೆತ್ತಿದ್ದಾರೆ.